ಮನೆಯಲ್ಲೇ ಮಾಡಿದ ಸ್ಪೀಕರ್‌ಗಳಲ್ಲಿ ಗಾಯಕರ ದನಿ ನಡುವೆ ನಿಲ್ಲುತ್ತಿಲ್ಲ, ಏನು ಮಾಡಲಿ?

ಮೊದಲು ಪೋಲಾರಿಟಿ, ಅಂದರೆ ಪ್ಲಸ್-ಮೈನಸ್ ವೈರ್ ಸರಿಯಾಗಿ ಜೋಡಿಸಿದೆಯೇ ಅಂತ ನೋಡಿ. ಆಂಪ್ಲಿಫೈಯರ್ ವೈರ್ ಬಿಚ್ಚಿ, ಬಾಕ್ಸಿನ ಟರ್ಮಿನಲ್‌ಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ, ಪ್ಲಸ್‌ಗೆ ಪ್ಲಸ್. ಎರಡು ಬಾಕ್ಸಿನಲ್ಲೂ ವೂಫರ್ (ಬಾಸ್ ನುಡಿಸುವ ದೊಡ್ಡ ಸ್ಪೀಕರ್) ಕೋನ್ ಹೊರಗೆ ಬರಬೇಕು. ಒಂದು ಒಳಗೆ ಹೋದರೆ ಅದರ ವೈರ್ ತಿರುಗುಮುರುಗಾಗಿದೆ. ಆಗ ದನಿ ಚದುರುತ್ತದೆ, ಬಾಸ್ ಕೂಡ ಸೊರಗುತ್ತದೆ.

ಆಮೇಲೆ ಕ್ರಾಸ್‌ಓವರ್, ಅಂದರೆ ತಗ್ಗು ಸ್ವರವನ್ನು ವೂಫರ್‌ಗೂ ಏರು ಸ್ವರವನ್ನು ಟ್ವೀಟರ್ ಎಂಬ ಚಿಕ್ಕ ಸ್ಪೀಕರ್‌ಗೂ ಹಂಚುವ ಸರ್ಕ್ಯೂಟ್. ಅದರಲ್ಲಿರುವ ಕೆಪಾಸಿಟರ್‌ಗಳು ಮೇಲೆ ಬರೆದ ಮೈಕ್ರೋಫ್ಯಾರಡ್ ಅಳತೆಗಿಂತ ಶೇ. 10ರಷ್ಟು ಹೆಚ್ಚುಕಮ್ಮಿ ಇರುವುದು ಮಾಮೂಲಿ. ಮೀಟರ್‌ನಲ್ಲಿ ಅಳೆದು, ಎಡಕ್ಕೂ ಬಲಕ್ಕೂ ಹೊಂದುವ ಜೋಡಿ ಆರಿಸಿ. ಸುಮ್ನೆ ದುಬಾರಿ ಕೆಪಾಸಿಟರ್ ಹಾಕುವುದಕ್ಕಿಂತ ಇದರಿಂದ ಜಾಸ್ತಿ ಲಾಭ ಅನ್ನುವುದು ನನ್ನ ಅನುಭವ.

ಸ್ಪೀಕರ್‌ಗಳೂ ನಿಮ್ಮ ತಲೆಯೂ ಸಮಬಾಹು ತ್ರಿಕೋನದಲ್ಲಿರಲಿ, ಟ್ವೀಟರ್ ಕಿವಿಯ ಎತ್ತರಕ್ಕಿರಲಿ. 1960ರ ದಶಕದ ಮೋನೋ (ಎರಡೂ ಸ್ಪೀಕರ್‌ಗೆ ಒಂದೇ ಧ್ವನಿ ಹೋಗುವ) ಚಿತ್ರಗೀತೆ ಹಾಕಿ, ದನಿ ನಟ್ಟನಡುವೆ ಗಟ್ಟಿಯಾಗುವ ತನಕ ಎರಡನ್ನೂ ಸ್ವಲ್ಪಸ್ವಲ್ಪವೇ ಒಳಕ್ಕೆ ತಿರುಗಿಸಿ.