4 ತಿಂಗಳಿಗೆ 'ಬಾಬಾ' ನಿರೀಕ್ಷೆ ಬೇಡ

4 ತಿಂಗಳ ಮಗಳು ಬರೀ 'ಆಆ', 'ಊಊ' ಅಂತಾಳೆ, 'ಬಾಬಾ' ಬಂದಿಲ್ಲ, ಮನೆಯಲ್ಲಿ ಕನ್ನಡ, ತುಳು ಎರಡೂ ಇರೋದಕ್ಕಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಎರಡು ಭಾಷೆ ಇದ್ದರೆ ಮಾತು ತಡವಾಗುವುದಿಲ್ಲ. ಅಜ್ಜಿ ತುಳುವಿನಲ್ಲೇ ಮುದ್ದು ಮಾಡಲಿ ಬಿಡಿ. 'ಬಾಬಾ', 'ದಾದಾ' ಸಾಮಾನ್ಯವಾಗಿ ಶುರುವಾಗುವುದು 6ರಿಂದ 10 ತಿಂಗಳ ನಡುವೆ.

ಈಗ ಗಮನಿಸಬೇಕಾದ್ದು ಬೇರೆ. ನಿಮ್ಮ ಮುಖ ನೋಡಿ ನಗುತ್ತಾಳಾ? ದನಿ ಕೇಳಿದ ಕಡೆ ತಿರುಗುತ್ತಾಳಾ? ನೀವು ಮಾತಾಡಿ ಸುಮ್ಮನಾದರೆ ಅವಳೂ ದನಿ ಮಾಡುತ್ತಾಳಾ?

ಇನ್ನೊಂದು ಮಾತು. ಕಿವಿ ಕೇಳದ ಮಕ್ಕಳೂ ಮೊದಮೊದಲು 'ಊಊ' ಅನ್ನುತ್ತವೆ. ಹಾಗಾಗಿ ಹುಟ್ಟಿದಾಗ ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಈಗಲೇ ಮಾಡಿಸಿಬಿಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಮಾಡುತ್ತಾರೆ.