ಓದುಗರ ಪ್ರಶ್ನೆ: ಫೈಬರ್ ರೆಕ್ಕೆ, ಪೆಟ್ರೋಲ್, ಕಿಡಿ

ಪ್ರಶ್ನೆ: ಎರಡು ಸೀಟಿನ ಫೈಬರ್‌ಗ್ಲಾಸ್ ವಿಮಾನ ಕಟ್ಟುತ್ತಿದ್ದೇವೆ. ಪೆಟ್ರೋಲ್ ಟ್ಯಾಂಕ್ ರೆಕ್ಕೆಯೊಳಗಿದೆ. ಸ್ಥಾಯಿ ವಿದ್ಯುತ್ ಕಳೆಯಲು ರೆಕ್ಕೆಯ ಹಿಂದಿನ ಅಂಚಿಗೆ ಸ್ಟ್ಯಾಟಿಕ್ ವಿಕ್ (ಚಾರ್ಜನ್ನು ಗಾಳಿಗೆ ಬಿಡುವ ಸಣ್ಣ ಕಡ್ಡಿ) ಹಾಕಿದರೆ ಸಾಕೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ವಿಕ್ ಆಮೇಲೆ, ಮೊದಲು ಟ್ಯಾಂಕಿನ ಬಾಯಿ ನೋಡಿ. ಫೈಬರ್‌ಗ್ಲಾಸ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಾಗಿ ಮುಚ್ಚಳ ಕೂರುವ ಅಲ್ಯೂಮಿನಿಯಂ ಬಳೆಗೆ ಯಾವುದರ ಸಂಪರ್ಕವೂ ಇರುವುದಿಲ್ಲ. ಪೆಟ್ರೋಲ್ ಸುರಿಯುವಾಗ ಹುಟ್ಟುವ ಚಾರ್ಜ್ ಅಲ್ಲೇ ಕೂಡಿಕೊಂಡು, ಲೋಹದ ಫನೆಲ್ ಹತ್ತಿರ ಬಂದಾಗ ಕಿಡಿಯಾಗಿ ಹಾರಬಹುದು. ಆವಿ ದಟ್ಟವಾಗಿರುವುದೂ ಅಲ್ಲೇ. ಆ ಆವಿ ಹೊತ್ತಲು ಸುಮಾರು 0.25 ಮಿಲಿಜೌಲ್ ಸಾಕು. ಫೆಬ್ರವರಿಯ ಒಣಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದವರ ಮೈಯಲ್ಲಿ 10,000 ವೋಲ್ಟ್ ಇದ್ದರೆ ಅದೇ 5 ಮಿಲಿಜೌಲ್ ದಾಟುತ್ತದೆ.

ಬಳೆಯಿಂದ ಒಂದು ತಂತಿ ಎಳೆದು, ಟ್ಯಾಂಕಿನ ಲೋಹದ ಔಟ್‌ಲೆಟ್ ಮತ್ತು ಡ್ರೈನ್ ವಾಲ್ವ್‌ಗೆ ಮುಟ್ಟಿಸಿ, ಎಂಜಿನ್ ಮೌಂಟ್‌ಗೆ ಸೇರಿಸಿ. ರಬ್ಬರ್ ಪೈಪನ್ನು ನಂಬಬೇಡಿ. ತಂತಿ ಟ್ಯಾಂಕಿನ ಹೊರಗೇ ಇರಲಿ. ಲಗ್ (ತಂತಿಯ ತುದಿಗೆ ಹಾಕುವ, ಬೋಲ್ಟ್ ತೂತಿರುವ ಲೋಹದ ತುಣುಕು) ಕೂರುವ ಜಾಗದ ಬಣ್ಣ ಕೆರೆದು, ಸ್ಟಾರ್ ವಾಷರ್ ಇಟ್ಟು ಬಿಗಿದು, ಆಮೇಲೆ ಸೀಲ್ ಮಾಡಿ. ಬಣ್ಣದ ಮೇಲೇ ಬಿಗಿದ ಲಗ್ ಲೆಕ್ಕಕ್ಕಿಲ್ಲ. ತಪಾಸಣೆಗೆ ಮಾಮೂಲಿ ಮಲ್ಟಿಮೀಟರ್ ಸಾಕು, 1 ಓಮ್‌ಗಿಂತ ಕಡಿಮೆ ಬಂದರೆ ಆಯಿತು.

ಹೆದ್ದಾರಿ ಬಂಕಿನಿಂದ ಪೆಟ್ರೋಲ್ ತರುವವರಿಗೆ ಇನ್ನೊಂದು ಮಾತು: ನೀರಿನ ಪ್ಲಾಸ್ಟಿಕ್ ಕ್ಯಾನ್ ಬೇಡವೇ ಬೇಡ. ಲೋಹದ ಕ್ಯಾನನ್ನು ಬೈಕಿನ ಸೀಟಿನ ಮೇಲಲ್ಲ, ನೆಲದ ಮೇಲಿಟ್ಟು, ನಾಝಲ್ ಅದರ ಬಾಯಿಗೆ ತಾಗಿಕೊಂಡೇ ಇರುವಂತೆ ನಿಧಾನವಾಗಿ ತುಂಬಿಸಿ. ವಿಮಾನಕ್ಕೆ ಸುರಿಯುವಾಗ ಕ್ಯಾನಿಗೂ ವಿಮಾನದ ಬಣ್ಣವಿಲ್ಲದ ಬೋಲ್ಟಿಗೂ ಕ್ಲಿಪ್ ತಂತಿ ಹಾಕಿದ ಮೇಲೆಯೇ ಮುಚ್ಚಳ ತೆಗೆಯಿರಿ. ಮುಚ್ಚಳ ಹಾಕಿದ ಮೇಲೆಯೇ ತಂತಿ ಬಿಚ್ಚಿ. ಲೋಹದ ಫನೆಲ್ ಬಳೆಗೆ ಒರಗಿಕೊಂಡೇ ಇರಲಿ.

ಇನ್ನು ವಿಕ್: ಬರೀ ಫೈಬರ್‌ಗೆ ಅಂಟಿಸಿದ ವಿಕ್ ಅಲಂಕಾರ ಅಷ್ಟೇ. ಚಾರ್ಜ್ ಅಲ್ಲಿಗೆ ತಲುಪಲು ಒಳಗೆ ಲೋಹದ ಜಾಲರಿಯೋ ವಾಹಕ ಬಣ್ಣವೋ ಬೇಕು. ಮೋಡ, ಮಳೆ ಬಿಟ್ಟು ಹಗಲಲ್ಲಿ ಮಾತ್ರ ಹಾರುವ ಸಣ್ಣ ವಿಮಾನಕ್ಕೆ ಆ ಖರ್ಚು ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಮ್ಮದು ಅಲ್ಯೂಮಿನಿಯಂ ವಿಮಾನ. ರೇಡಿಯೊದಲ್ಲಿ ಚರಚರ ಸದ್ದು. ಸ್ಥಾಯಿ ವಿದ್ಯುತ್ತೇ ಕಾರಣವೇ?
– ಓದುಗರು, ಚಿತ್ರದುರ್ಗ

ಉತ್ತರ: ಎಂಜಿನ್ ವೇಗದೊಂದಿಗೆ ಸದ್ದೂ ಏರಿಳಿದರೆ ಇಗ್ನಿಷನ್ ಅಥವಾ ಆಲ್ಟರ್ನೇಟರ್ ಹುಡುಕಿ. ದೂಳು, ಮಳೆಯಲ್ಲಿ ಮಾತ್ರ ಬಂದರೆ ಸ್ಥಾಯಿ ವಿದ್ಯುತ್. ಆಗ ಮೊದಲ ಅನುಮಾನ ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂದಿನ ಅಂಚಿನ ಚಲಿಸುವ ಭಾಗ) ಹಿಂಜ್ ಮೇಲೆ: ಗ್ರೀಸ್ ಮೆತ್ತಿದ ಹಿಂಜ್ ಒಮ್ಮೆ ವಿದ್ಯುತ್ ಬಿಡುತ್ತದೆ, ಒಮ್ಮೆ ಬಿಡುವುದಿಲ್ಲ. ಪ್ರತಿ ಐಲೆರಾನ್‌ಗೂ ರೆಕ್ಕೆಯಿಂದ ತವರ ಲೇಪಿಸಿದ ತಾಮ್ರದ ಹೆಣೆದ ಪಟ್ಟಿ ಹಾಕಿ. ಬರಿ ತಾಮ್ರವಾದರೆ ಅಲ್ಯೂಮಿನಿಯಂ ಸವೆಯುತ್ತದೆ. ಪಟ್ಟಿ ಆದಷ್ಟು ಗಿಡ್ಡವಿರಲಿ, ಆದರೆ ಐಲೆರಾನ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಹೋದಾಗ ಬಿಗಿಯಬಾರದು, ಎಲ್ಲೂ ಸಿಕ್ಕಿಕೊಳ್ಳಬಾರದು.

ಇಂಥ ಜೋಡಣೆಗೆ ಹಿಡಿಯುವ ಮಿತಿ 3 ಮಿಲಿಓಮ್. ಇಲ್ಲಿ ಮಲ್ಟಿಮೀಟರಿನ ಓಮ್ ಅಳತೆ ಉಪಯೋಗವಿಲ್ಲ, ಅದರ ತಂತಿಗಳೇ 200 ಮಿಲಿಓಮ್ ತೋರಿಸುತ್ತವೆ. ಜೋಡಣೆಯ ಮೂಲಕ ಪವರ್ ಸಪ್ಲೈನಿಂದ 1 ಆಂಪಿಯರ್ ಹರಿಸಿ, ಎರಡು ಲಗ್‌ಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. 3 ಮಿಲಿವೋಲ್ಟ್ ಮೀರಿದರೆ ಬಿಚ್ಚಿ, ಕೆರೆದು, ಮತ್ತೆ ಬಿಗಿಯಿರಿ.