ಪೀಠಿಕೆ ಇದೆ, ಉಪಸಂಹಾರ ಇದೆ, ವಾದ ಎಲ್ಲಿದೆ?

ಪ್ರಶ್ನೆ: ನಾನು ಒಂಬತ್ತು, ಹತ್ತನೇ ತರಗತಿಗೆ ಭಾಷಾ ಪಾಠ ಮಾಡುತ್ತೇನೆ. ವಾದ ಮಂಡಿಸುವ ಪ್ರಬಂಧಕ್ಕೆ ಪೀಠಿಕೆ, ಮೂರು ಕಾರಣ, ಉಪಸಂಹಾರ ಎಂಬ ಅಚ್ಚು ಕೊಟ್ಟಿದ್ದೇನೆ. ಮಕ್ಕಳು ಹಾಗೇ ಬರೆಯುತ್ತಾರೆ. ಆದರೆ ಓದಿದರೆ ಯಾರೂ ವಾದ ಮಾಡಿದ ಹಾಗೆ ಅನಿಸುವುದಿಲ್ಲ. ರಚನೆಯನ್ನು ಇನ್ನೂ ಬಿಗಿಯಾಗಿ ಕಲಿಸಬೇಕಾ?

ಬೇಡ. ನಿಮ್ಮ ಮಕ್ಕಳಿಗೆ ಅಚ್ಚು ಬಂದಾಗಿದೆ. ಒಂದು ಮಾತಿನಿಂದ ಇನ್ನೊಂದು ಮಾತು ಹೇಗೆ ಹುಟ್ಟುತ್ತದೆ ಅನ್ನುವುದು ಮಾತ್ರ ಇನ್ನೂ ಬಂದಿಲ್ಲ. ಅದನ್ನು ಬರೆಸಿ ಕಲಿಸುವ ಮೊದಲು ಮಾತಾಡಿಸಿ ಕಲಿಸಬೇಕು.

ಮೊದಲು ನಿಲುವು. ಪ್ರತಿಯೊಬ್ಬರೂ ತಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯಲಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಇದಕ್ಕೆ 'ಇಲ್ಲ' ಅನ್ನುವ ಬುದ್ಧಿವಂತರು ಯಾರಾದರೂ ಇದ್ದಾರಾ? 'ನಿದ್ದೆ ಆರೋಗ್ಯಕ್ಕೆ ಮುಖ್ಯ' ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಹಾಗಾಗಿ ಅಲ್ಲಿ ವಾದಕ್ಕೆ ಜಾಗವೇ ಇಲ್ಲ. 'ಪ್ರೌಢಶಾಲೆಗಳು ಬೆಳಿಗ್ಗೆ ಈಗಿನದಕ್ಕಿಂತ ತಡವಾಗಿ ಶುರುವಾಗಬೇಕು' ಎನ್ನಿ, ತರಗತಿ ಎರಡು ಪಾಲಾಗುತ್ತದೆ. ಇಲ್ಲಿ ನಮ್ಮದೂ ಸ್ವಲ್ಪ ತಪ್ಪಿದೆ. 'ವಿಜ್ಞಾನ ವರವೋ ಶಾಪವೋ' ಎಂಬಂಥ ವಿಷಯ ಕೊಟ್ಟರೆ 'ಎರಡೂ ಹೌದು, ಬಳಸುವವರ ಮೇಲಿದೆ' ಎಂಬ ಉತ್ತರ ಬಿಟ್ಟು ಬೇರೇನು ಬರುತ್ತದೆ? ವಿಷಯವೇ ಜಾರಿಕೊಳ್ಳಲು ದಾರಿ ಮಾಡಿಕೊಟ್ಟಿದೆ.

ಈಗ ಅಸಲು ಕಷ್ಟದ ಜಾಗಕ್ಕೆ ಬರೋಣ. ಶಾಲೆ ಸಮಯದ ಬಗ್ಗೆಯೇ ಒಬ್ಬ ಹುಡುಗಿ ಹೀಗೆ ಬರೆದಳು ಅಂತಿಟ್ಟುಕೊಳ್ಳಿ: '13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ತಜ್ಞರು ಹೇಳುತ್ತಾರೆ. ಆದ್ದರಿಂದ ಶಾಲೆ ತಡವಾಗಿ ಶುರುವಾಗಬೇಕು.' ಪುರಾವೆ ಸರಿಯಾಗಿದೆ, ನಿಲುವೂ ಸ್ಪಷ್ಟವಾಗಿದೆ. ಬಹಳಷ್ಟು ಶಿಕ್ಷಕರು ಇಲ್ಲಿ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಆದರೆ ಹಿಂದಿನ ಬೆಂಚಿನವನು 'ಬೇಗ ಮಲಗಿದರೆ ಆಗಲ್ವಾ?' ಅಂದುಬಿಟ್ಟರೆ ವಾದ ಅಲ್ಲಿಗೇ ಕುಸಿಯುತ್ತದೆ. ನಿದ್ದೆ ಬೇಕು ಎಂಬುದರಿಂದ ಶಾಲೆ ತಡವಾಗಬೇಕು ಎಂಬುದು ತಾನಾಗಿ ಬರುವುದಿಲ್ಲ. ನಡುವೆ ಒಂದು ಕೊಂಡಿ ಬೇಕು.

ಆ ಕೊಂಡಿ ಏನೆಂದರೆ, ಹರೆಯ ಬಂದಾಗ ದೇಹದ ಒಳಗಡಿಯಾರವೇ ಹಿಂದೆ ಸರಿಯುತ್ತದೆ. ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಏರಲು ಶುರುವಾಗುತ್ತದೆ. ಬೇಗ ಮಲಗಿದರೂ ನಿದ್ದೆ ಸುಲಭವಾಗಿ ಹತ್ತುವುದಿಲ್ಲ. ಅಂದಮೇಲೆ ನಿದ್ದೆ ಜಾಸ್ತಿಯಾಗಬೇಕಾದರೆ ಬೆಳಗಿನ ಕಡೆಯಿಂದಲೇ ಆಗಬೇಕು. ಈ ನಾಲ್ಕು ವಾಕ್ಯ ಸೇರಿಸಿದ ಕೂಡಲೇ ಅದೇ ಪ್ಯಾರಾ ವಾದವಾಗುತ್ತದೆ, ಅಲ್ವಾ?

ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಅಂಗಗಳನ್ನು ಬಿಡಿಸಿ ತೋರಿಸಿದಾಗ ಈ ಕೊಂಡಿಗೆ ಬೇರೆಯೇ ಸ್ಥಾನ ಕೊಟ್ಟರು. ಅದಕ್ಕೂ ಎಷ್ಟೋ ಶತಮಾನ ಮೊದಲು ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಿಂದಿನ ಕಾಲದ ತರ್ಕ ಪಂಡಿತರು, ಇದನ್ನು ಕಂಡುಕೊಂಡಿದ್ದರು. ಪ್ರತಿಜ್ಞೆ (ನಿಲುವು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಈ ಸಂದರ್ಭಕ್ಕೆ ಹೊಂದಿಸುವುದು), ನಿಗಮನ (ತೀರ್ಮಾನ) ಎಂಬ ಐದು ಅಂಗಗಳಲ್ಲಿ ಮೂರನೆಯದು ಅದೇ ಕೆಲಸ ಮಾಡುತ್ತದೆ. ಬೆಟ್ಟದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಇದೆ ಎಂದರೆ ಸಾಲದು. ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಒಲೆಯಲ್ಲಿ ಕಂಡ ಹಾಗೆ, ಎಂದೂ ಹೇಳಬೇಕು. ಈ ಹೆಸರುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಡಿ. 'ಅದಕ್ಕೂ ಇದಕ್ಕೂ ಏನು ಸಂಬಂಧ?' ಎಂಬ ಒಂದು ಪ್ರಶ್ನೆ ಸಾಕು. ಇಬ್ಬಿಬ್ಬರನ್ನು ಕೂರಿಸಿ. ಒಬ್ಬರು ವಾದ ಹೇಳಲಿ, ಇನ್ನೊಬ್ಬರು ಈ ಒಂದೇ ಪ್ರಶ್ನೆ ಕೇಳುತ್ತಾ ಹೋಗಲಿ. ಉತ್ತರ ಹೇಳಿ ಹೇಳಿ ಸುಸ್ತಾದ ಮೇಲೆ ಪೆನ್ನು ಹಿಡಿಯಲಿ. ಬರೆಯಲು ಏನಿದೆ ಅಂತ ಆಗ ಅವರಿಗೇ ಗೊತ್ತಿರುತ್ತದೆ.

ಕೊಂಡಿ ಸಿಕ್ಕರೆ ಇನ್ನೊಂದು ಲಾಭವೂ ಇದೆ. ನಿಲುವು ಎಲ್ಲಿಯವರೆಗೆ ಸರಿ ಅನ್ನುವುದನ್ನು ಅದೇ ಹೇಳಿಬಿಡುತ್ತದೆ. ಗಡಿಯಾರ ಸರಿಯುವುದು ಹರೆಯದಲ್ಲಿ. ಹಾಗಾದರೆ ಒಂದನೇ ತರಗತಿಯ ಮಕ್ಕಳಿಗೆ ಈ ವಾದ ಅನ್ವಯಿಸುವುದಿಲ್ಲ. 'ಎಲ್ಲ ಶಾಲೆಗಳೂ' ಎಂದು ಬರೆದವಳು ತಾನಾಗಿಯೇ ಅದನ್ನು ಹೊಡೆದು 'ಪ್ರೌಢಶಾಲೆಗಳು' ಎಂದು ತಿದ್ದುತ್ತಾಳೆ.

ಇನ್ನು ಪ್ಯಾರಾಗಳ ಕ್ರಮ. ಪ್ರಬಂಧದ ಪ್ಯಾರಾಗಳನ್ನು ಕತ್ತರಿಸಿ, ಕಲಸಿ, ಪಕ್ಕದವರಿಗೆ ಜೋಡಿಸಲು ಕೊಡಿ. ಹೇಗೆ ಜೋಡಿಸಿದರೂ ನಡೆಯುತ್ತದೆ ಎಂದಾದರೆ ಅದು ವಾದವಲ್ಲ, ಪಟ್ಟಿ. ಪ್ಯಾರಾ ಶುರುವಾಗುವ ಪದಗಳನ್ನೂ ಗಮನಿಸಿ. 'ಅಲ್ಲದೆ', 'ಜೊತೆಗೆ', 'ಮತ್ತೊಂದು ಕಾರಣವೆಂದರೆ' ಎಂಬವೇ ಸಾಲಾಗಿ ಬಂದರೆ ಮಗು ಎಣಿಸುತ್ತಿದೆ, ವಾದಿಸುತ್ತಿಲ್ಲ. 'ಇದು ನಿಜವಾದರೆ', 'ಹಾಗಿದ್ದರೂ', 'ಅಷ್ಟಕ್ಕೇ ಸಾಲದು, ಏಕೆಂದರೆ' ಎಂಬಂಥವು ಬರತೊಡಗಿದರೆ ಹಿಂದಿನ ಪ್ಯಾರಾದ ಮೇಲೆ ಮುಂದಿನದು ನಿಂತಿದೆ ಎಂದರ್ಥ.

ಹಾಗಂತ ಅಚ್ಚನ್ನು ಪೂರ್ತಿ ಬಿಸಾಕಬೇಡಿ. ಹೊಸಬರಿಗೆ ಅದು ಧೈರ್ಯ ಕೊಡುತ್ತದೆ. ಮೂರು ಎಂಬ ಸಂಖ್ಯೆಯನ್ನು ಮಾತ್ರ ಬಿಡಿ. ಚೆನ್ನಾಗಿ ಬೆಳೆಸಿದ ಎರಡು ಕಾರಣ ಇದ್ದರೆ ಮೂರನೆಯದನ್ನು ಸುಮ್ನೆ ತುರುಕುವ ಅಗತ್ಯವಿಲ್ಲ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಎದುರು ಪಕ್ಷದ ಮಾತನ್ನೂ ಬರೆಯಬೇಕು ಎಂದು ಮೇಷ್ಟ್ರು ಹೇಳುತ್ತಾರೆ. ಬರೆದರೆ ನನ್ನ ವಾದವೇ ದುರ್ಬಲ ಆಗುವುದಿಲ್ಲವೇ?

ಓದುವವರ ತಲೆಯಲ್ಲಿ ಆ ಮಾತು ಹೇಗೂ ಬಂದೇ ಬರುತ್ತದೆ. ನೀವು ಬರೆಯದಿದ್ದರೆ ಅದು ಹೊರಗೆ ಹೋಗುವುದಿಲ್ಲ, ಉತ್ತರವಿಲ್ಲದೆ ಅಲ್ಲೇ ಉಳಿಯುತ್ತದೆ. ಹಿಂದಿನ ಶಾಸ್ತ್ರಕಾರರು ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು ಹೇಳಿ, ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರು. ಎದುರಾಳಿಯ ಮಾತನ್ನು ಅವನೇ ಒಪ್ಪುವಷ್ಟು ಚೆನ್ನಾಗಿ ಹೇಳುವುದು ಒಳ್ಳೆಯ ವಾದದ ಲಕ್ಷಣ. 'ಕೆಲವರು ಇದನ್ನು ವಿರೋಧಿಸುತ್ತಾರೆ, ಆದರೆ ಅದು ತಪ್ಪು' ಎಂದು ಒಂದು ಸಾಲಿನಲ್ಲಿ ಮುಗಿಸುವುದಾದರೆ ಬರೆಯದಿರುವುದೇ ವಾಸಿ.

ಉತ್ತರ ಕೊಡಲು ದಾರಿ ಹಲವಿವೆ. ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. 'ಶಾಲೆ ತಡವಾದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಅಷ್ಟೇ' ಎಂಬುದು ಗಟ್ಟಿ ಆಕ್ಷೇಪ. ಇದಕ್ಕೆ ಪುರಾವೆಯಿಂದಲೇ ಉತ್ತರ ಹೇಳಬಹುದು. ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಪ್ರೌಢಶಾಲೆಗಳ ಸಮಯವನ್ನು 7:50ರಿಂದ 8:45ಕ್ಕೆ ಬದಲಿಸಿದರು. ಅಲ್ಲಿನ ವಿದ್ಯಾರ್ಥಿಗಳನ್ನು ಅಳೆದು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಿದ್ದೆ ದಿನಕ್ಕೆ ಸುಮಾರು 34 ನಿಮಿಷ ಹೆಚ್ಚಿತ್ತು. ಈಗ ಇದನ್ನು ಪ್ರಾಮಾಣಿಕವಾಗಿ ಬಳಸಿ. ಸಿಕ್ಕಿದ 55 ನಿಮಿಷ ಪೂರ್ತಿ ನಿದ್ದೆಗೆ ಹೋಗಲಿಲ್ಲ, ಅಷ್ಟರ ಮಟ್ಟಿಗೆ ಆಕ್ಷೇಪದಲ್ಲಿ ಹುರುಳಿರಬಹುದು. ಆದರೆ ನಿದ್ದೆ ಹೆಚ್ಚುವುದೇ ಇಲ್ಲ ಎಂಬುದು ಸುಳ್ಳಾಯಿತು. ಹೀಗೆ ಬರೆದವರನ್ನು ಓದುಗ ನಂಬುತ್ತಾನೆ.

ಎಲ್ಲ ಆಕ್ಷೇಪವನ್ನೂ ಹೀಗೆ ಸೋಲಿಸಲು ಆಗುವುದಿಲ್ಲ. 'ಅಪ್ಪ ಅಮ್ಮ ಕೆಲಸಕ್ಕೆ ಹೋಗುವ ಹೊತ್ತಿಗೆ ಮಕ್ಕಳನ್ನು ಬಿಡುವುದು ಹೇಗೆ?' ಎಂಬುದು ನಿಜವಾದ ತೊಂದರೆ. ಇದನ್ನು ತಪ್ಪು ಎನ್ನಲು ಹೋಗಬೇಡಿ. ಒಪ್ಪಿಕೊಳ್ಳಿ. ಆಮೇಲೆ ಎರಡರಲ್ಲಿ ಯಾವುದು ಹೆಚ್ಚು ತೂಕದ್ದು ಎಂದು ತೋರಿಸಿ. ಅಥವಾ ನಿಲುವನ್ನೇ ಸ್ವಲ್ಪ ಕಿರಿದು ಮಾಡಿ: ತರಗತಿ ತಡವಾಗಿ ಶುರುವಾಗಲಿ, ಶಾಲೆಯ ಬಾಗಿಲು ಮಾತ್ರ ಮೊದಲಿನ ಹೊತ್ತಿಗೇ ತೆರೆಯಲಿ. ನಿಲುವು ಕಿರಿದಾದರೆ ಸೋತಂತಲ್ಲ. ಚರ್ಚಾಸ್ಪರ್ಧೆಯ ಅಭ್ಯಾಸ ಇದ್ದವರಿಗೆ ಇದು ಜೀರ್ಣವಾಗುವುದು ಸ್ವಲ್ಪ ಕಷ್ಟ, ಗೊತ್ತು.

ಎಲ್ಲಿ ಬರೆಯಬೇಕು ಎಂದರೆ, ಓದುವವರಿಗೆ ಅನುಮಾನ ಹುಟ್ಟುವ ಜಾಗದಲ್ಲೇ. ಕೊನೆಯ ಪ್ಯಾರಾಗಿಂತ ಮೊದಲು ಎಂಬ ನಿಯಮವೇನಿಲ್ಲ.

ಪ್ರಶ್ನೆ: ನನ್ನ ಮಗ ಅಂತರ್ಜಾಲದಿಂದ ಅಂಕಿ-ಅಂಶ, ತಜ್ಞರ ಮಾತು ತಂದು ಪ್ರಬಂಧದ ತುಂಬ ಅಂಟಿಸುತ್ತಾನೆ. ಪುರಾವೆ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ?

ಅದು ಏನನ್ನು ತೋರಿಸುತ್ತದೆ ಎಂದು ಅವನಿಗೆ ಗೊತ್ತಿದ್ದರೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಪ್ರೌಢಶಾಲೆಗಳು 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂಬ ಕಾನೂನು 2019ರಲ್ಲಿ ಬಂತು, 2022ರಿಂದ ಜಾರಿಯಾಯಿತು. ಇದರಿಂದ ಏನು ಸಾಬೀತಾಗುತ್ತದೆ? ಇಂಥ ಬದಲಾವಣೆ ಮಾಡಲು ಒಂದು ಸರ್ಕಾರ ಒಪ್ಪಿತು ಎಂಬುದು. ಬದಲಾವಣೆ ಒಳ್ಳೆಯದು ಎಂಬುದು ಇದರಿಂದ ಸಾಬೀತಾಗುವುದಿಲ್ಲ. ಕೆಟ್ಟ ಕಾನೂನುಗಳೂ ಬರುತ್ತವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಇದೇ 8:30ರ ಸಲಹೆ ಕೊಟ್ಟಿತ್ತು. ಅದರ ತೂಕ ಬೇರೆ, ಏಕೆಂದರೆ ಅವರು ಸಲಹೆಯ ಹಿಂದಿನ ಕಾರಣವನ್ನೂ ಹೇಳಿದ್ದಾರೆ. ಮಗ ತಂದ ಪ್ರತಿಯೊಂದು ಅಂಶದ ಕೆಳಗೆ ಎರಡು ಸಾಲು ಬರೆಯಿಸಿ. ಇದರಿಂದ ಏನು ತಿಳಿಯುತ್ತದೆ? ಏನು ತಿಳಿಯುವುದಿಲ್ಲ? ಎರಡನೆಯದಕ್ಕೆ ಉತ್ತರ ತೋಚದಿದ್ದರೆ ಅವನು ಅದನ್ನು ಓದಿಲ್ಲ, ಬರೀ ನಕಲು ಮಾಡಿದ್ದಾನೆ.

ಪ್ರಶ್ನೆ: ಪೀಠಿಕೆ, ಉಪಸಂಹಾರ ಚೆನ್ನಾಗಿ ಬರೆಯುವುದು ಹೇಗೆ?

ಪೀಠಿಕೆಯನ್ನು ಕೊನೆಗೆ ಬರೆಯಿರಿ. 'ಇಂದಿನ ಆಧುನಿಕ ಯುಗದಲ್ಲಿ' ಎಂದು ಶುರುವಾಗುವ ವಾಕ್ಯವನ್ನು ಕಣ್ಣು ಮುಚ್ಚಿ ಹೊಡೆದು ಹಾಕಿ. ಯಾವುದರ ಬಗ್ಗೆ ಜಗಳ ಇದೆ, ನೀವು ಯಾವ ಕಡೆ, ಇಷ್ಟಿದ್ದರೆ ಸಾಕು. ಉಪಸಂಹಾರದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಡಿ. ನಿಮ್ಮ ಮಾತು ಒಪ್ಪಿದರೆ ಮುಂದೆ ಏನಾಗಬೇಕು, ಯಾರು ಏನು ಮಾಡಬೇಕು ಎಂದು ಹೇಳಿ ನಿಲ್ಲಿಸಿ.

ಪ್ರಶ್ನೆ: ದೊಡ್ಡ ತರಗತಿ. ಇಷ್ಟೆಲ್ಲ ತಿದ್ದಲು ಸಮಯ ಎಲ್ಲಿದೆ?

ತಿದ್ದುವ ಕೆಲಸದಲ್ಲಿ ಒಂದು ಪಾಲು ಮಕ್ಕಳಿಗೇ ಬಿಡಿ. ಬರೆದು ಮುಗಿಸಿದ ಮೇಲೆ ಪ್ರತಿ ಪ್ಯಾರಾದ ಪಕ್ಕ ಅಂಚಿನಲ್ಲಿ ಒಂದೊಂದು ಸಾಲು ಬರೆಯಲಿ: ಈ ಪ್ಯಾರಾ ಏನು ಹೇಳುತ್ತದೆ? ಆಮೇಲೆ ಬರೀ ಆ ಸಾಲುಗಳನ್ನು ಮೇಲಿಂದ ಕೆಳಗೆ ಓದಲಿ. ಒಂದೇ ಸಾಲು ಎರಡು ಸಲ ಬಂದಿದ್ದರೆ ಆ ಪ್ಯಾರಾಗಳನ್ನು ಸೇರಿಸಬೇಕು. ಸಾಲು ಬರೆಯಲು ಆಗದಿದ್ದರೆ ಆ ಪ್ಯಾರಾಗೆ ಮಾತೇ ಇಲ್ಲ. ನೀವೂ ಮೊದಲ ಸುತ್ತಿನಲ್ಲಿ ಅಂಚನ್ನು ಮಾತ್ರ ನೋಡಿ, ಕೊಂಡಿ ತಪ್ಪಿದ ಒಂದೇ ಒಂದು ಜಾಗಕ್ಕೆ ಗುರುತು ಹಾಕಿ ವಾಪಸ್ ಕೊಡಿ. ಕಾಗುಣಿತ, ವಿರಾಮ ಚಿಹ್ನೆ ಎಲ್ಲ ಎರಡನೇ ಸುತ್ತಿಗೆ. ಮೊದಲ ಸಲವೇ ಪುಟದ ತುಂಬ ಕೆಂಪು ಇಂಕು ಹರಿಸಿದರೆ ಅವರು ಕಾಗುಣಿತ ತಿದ್ದಿ, ವಾದವನ್ನು ಇದ್ದ ಹಾಗೇ ತಂದುಕೊಡುತ್ತಾರೆ.